ಕ್ರೂಸ್‌ಗೆ ಹೊರಟವರ ಕೈಯಲ್ಲಿ ಇರಲೇಬೇಕಾದ ಸಣ್ಣ ಚೀಲ

ಕ್ರೂಸ್ ಹಡಗಿನ ಆಸ್ಪತ್ರೆಗೆ ಮೊದಲ ದಿನ ಸಂಜೆ ಬರುವ ಹಲವರಿಗೆ ಹೊಸ ಕಾಯಿಲೆ ಏನೂ ಇರುವುದಿಲ್ಲ. ಅವರ ಮಾತ್ರೆಗಳು ಸೂಟ್‌ಕೇಸ್‌ನಲ್ಲಿರುತ್ತವೆ, ಸೂಟ್‌ಕೇಸ್ ಇನ್ನೂ ಕ್ಯಾಬಿನ್‌ಗೆ ಬಂದಿರುವುದಿಲ್ಲ. ಬಂದರಿನಲ್ಲಿ ಒಪ್ಪಿಸಿದ ಸಾಮಾನು ಸ್ಕ್ಯಾನ್ ಆಗಬೇಕು, ಯಾವುದು ಯಾವ ಡೆಕ್‌ಗೆ ಅಂತ ಬೇರ್ಪಡಿಸಬೇಕು, ಆಮೇಲೆ ಒಂದೊಂದೇ ಬಾಗಿಲಿಗೆ ತಲುಪಬೇಕು. ಸಾವಿರಾರು ಜನರ ಸಾಮಾನು ಅಲ್ವಾ, ಹಲವು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಹಡಗು ಬಂದರು ಬಿಟ್ಟಿರುತ್ತದೆ, ಇನ್ಸುಲಿನ್ ತೆಗೆದುಕೊಳ್ಳುವ ಹೊತ್ತೂ ಆಗಿರುತ್ತದೆ.

ಪ್ರಯಾಣದ ಕೊನೆಯ ರಾತ್ರಿಯ ಕಥೆಯೂ ಇದೇ. ಬಹಳ ಹಡಗುಗಳಲ್ಲಿ ದೊಡ್ಡ ಸಾಮಾನನ್ನು ಹಿಂದಿನ ರಾತ್ರಿಯೇ ಬಾಗಿಲ ಹೊರಗೆ ಇಡಬೇಕು. ಜನ ಅವಸರದಲ್ಲಿ ಎಲ್ಲವನ್ನೂ ತುಂಬಿ ಇಟ್ಟುಬಿಡುತ್ತಾರೆ. ಬೆಳಗಿನ ಬಿ.ಪಿ. ಮಾತ್ರೆ, ಕನ್ನಡಕ, ಕೆಲವೊಮ್ಮೆ ಶೂ ಕೂಡ ಅದರ ಜೊತೆ ಹೋಗಿರುತ್ತದೆ. ಆ ರಾತ್ರಿ ಅಲಾರಂ ಹೊಡೆದರೆ ಅವರು ಬರಿಗಾಲಲ್ಲಿ ಮೆಟ್ಟಿಲು ಹತ್ತಬೇಕು.

ಹಡಗಿನ ವೈದ್ಯೆಯಾಗಿ ನಾನು ಪ್ರಯಾಣಿಕರಿಗೆ ಕೇಳಿಕೊಳ್ಳುವುದು ಒಂದೇ. ಸೂಟ್‌ಕೇಸ್ ಒಪ್ಪಿಸುವ ಕ್ಷಣದಿಂದ ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳುವವರೆಗೆ ಒಂದು ಸಣ್ಣ ಚೀಲ ನಿಮ್ಮ ಹತ್ತಿರವೇ ಇರಲಿ. ಮತ್ತೆ ಆ ಚೀಲವನ್ನು ಯಾವಾಗ ಬಿಟ್ಟು ಓಡಬೇಕು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ.

ತುರ್ತು ಪರಿಸ್ಥಿತಿ ಅಂದರೆ ಹಡಗು ಮುಳುಗುವುದು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ತೀರಾ ಅಪರೂಪ. 2013ರ ಫೆಬ್ರವರಿ 10ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ಆರಿತು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಆದರೆ ಹಡಗು ನಡೆಸುವ ಶಕ್ತಿಯೇ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸರಿಯಾದ ದೀಪ, ಏಸಿ, ಶೌಚಾಲಯ ಇಲ್ಲದೆ ದಿನ ಕಳೆದರು. ಟಗ್ ದೋಣಿಗಳು ಅದನ್ನು ಎಳೆದುಕೊಂಡು ಅಮೆರಿಕದ ಮೊಬೈಲ್ ಎಂಬ ಊರಿನ ಬಂದರಿಗೆ ತಂದಾಗ ಫೆಬ್ರವರಿ 14 ಆಗಿತ್ತು. ಅಂಥ ದಿನಗಳಲ್ಲಿ ಬೇಕಾಗುವುದು ನಿಮ್ಮ ಔಷಧಿ, ಟಾರ್ಚ್, ಚಾರ್ಜ್ ಇರುವ ಫೋನ್.

2006ರ ಮಾರ್ಚ್ 23ರಂದು ಜಮೈಕಾ ಕಡೆಗೆ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡದ್ದು ಬೆಳಗಿನ ಜಾವ ಮೂರು ಗಂಟೆ ಸುಮಾರಿಗೆ. ಒಂದು ಬಾಲ್ಕನಿಯಲ್ಲಿ ಶುರುವಾದ ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿತು. ಆರಿಸದೆ ಎಸೆದ ಸಿಗರೇಟ್ ತುಂಡೇ ಕಾರಣವಿರಬಹುದು ಅಂತ ತನಿಖೆ ಹೇಳಿತು. ನಿದ್ದೆಯಲ್ಲಿದ್ದವರು ಎದ್ದು, ಹೊಗೆ ತುಂಬಿದ ಕಾರಿಡಾರ್ ದಾಟಿ ಮಸ್ಟರ್ ಸ್ಟೇಷನ್ ಸೇರಬೇಕಾಯಿತು. ಮಸ್ಟರ್ ಸ್ಟೇಷನ್ ಅಂದರೆ ಅಪಾಯದಲ್ಲಿ ಪ್ರಯಾಣಿಕರು ಸೇರಲು ಗೊತ್ತು ಮಾಡಿದ ಜಾಗ. ಅಲ್ಲಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ಬೆಂಕಿ ಆರಿದ ಮೇಲೂ ಸುಟ್ಟ ಕ್ಯಾಬಿನ್‌ಗೆ ವಾಪಸ್ ಹೋಗುವ ಹಾಗಿಲ್ಲ.

ಇನ್ನು ಚೀಲ ಬಿಟ್ಟು ಓಡುವ ವಿಷಯ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ ಸುಮಾರು 9.45. ಎಷ್ಟೋ ಜನ ಊಟದ ಹಾಲ್‌ನಲ್ಲಿದ್ದರು. 32 ಜನ ಸತ್ತರು. ಆ ಹೊತ್ತಲ್ಲಿ ನಿಮ್ಮ ಚೀಲ ಕ್ಯಾಬಿನ್‌ನಲ್ಲಿದೆ, ನೀವು ಊಟದ ಹಾಲ್‌ನಲ್ಲಿದ್ದೀರಿ ಅಂದುಕೊಳ್ಳಿ. ಏನು ಮಾಡಬೇಕು? ಚೀಲವನ್ನು ಮರೆತು ನೇರವಾಗಿ ಮಸ್ಟರ್ ಸ್ಟೇಷನ್‌ಗೆ ಹೋಗಬೇಕು. ಹಡಗು ವಾಲಿದರೆ ಮೆಟ್ಟಿಲು ಹತ್ತುವುದೇ ಕಷ್ಟ. ಲಿಫ್ಟ್ ಬಳಸುವಂತಿಲ್ಲ. ಬೆಂಕಿ ತಡೆಯುವ ಬಾಗಿಲುಗಳು ಮುಚ್ಚಿಕೊಂಡಿರುತ್ತವೆ. ಎಲ್ಲರೂ ಹೊರಗೆ ಬರುತ್ತಿರುವ ಇಕ್ಕಟ್ಟಿನ ಕಾರಿಡಾರಿನಲ್ಲಿ ಒಬ್ಬರು ಎದುರು ದಿಕ್ಕಿಗೆ ನುಗ್ಗಿದರೆ ಹಿಂದಿರುವ ಹತ್ತಾರು ಜನ ನಿಲ್ಲಬೇಕಾಗುತ್ತದೆ. ಲೈಫ್ ಜಾಕೆಟ್ ಕ್ಯಾಬಿನ್‌ನಲ್ಲೇ ಉಳಿಯಿತು ಅಂತಲೂ ವಾಪಸ್ ಹೋಗಬೇಡಿ. ಮಸ್ಟರ್ ಸ್ಟೇಷನ್‌ಗಳ ಬಳಿ ಹೆಚ್ಚುವರಿ ಜಾಕೆಟ್ ಇಟ್ಟಿರುತ್ತಾರೆ.

ಆ ದಿನವಷ್ಟೇ ಚಿವಿಟವೆಕ್ಕಿಯಾ ಬಂದರಿನಲ್ಲಿ ಕಾಂಕಾರ್ಡಿಯಾ ಹತ್ತಿದ ಪ್ರಯಾಣಿಕರಿಗೆ ಡ್ರಿಲ್, ಅಂದರೆ ಅಪಾಯದಲ್ಲಿ ಏನು ಮಾಡಬೇಕು ಅನ್ನುವ ಅಭ್ಯಾಸ, ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ ಇತ್ತು. 2015ರ ಜನವರಿ 1ರಿಂದ ಅದು ಬದಲಾಯಿತು. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ದಯವಿಟ್ಟು ಅದನ್ನು ಕಾಟಾಚಾರಕ್ಕೆ ಮುಗಿಸಬೇಡಿ. ಏಳು ಅಥವಾ ಅದಕ್ಕಿಂತ ಜಾಸ್ತಿ ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದವಾಗಿ ಅಲಾರಂ ಕೂಗಿದರೆ ಹೊರಡಬೇಕು. ಆ ಸದ್ದನ್ನು ಡ್ರಿಲ್‌ನಲ್ಲಿ ಒಮ್ಮೆ ಗಮನ ಕೊಟ್ಟು ಕೇಳಿದವರಿಗೆ ಅರೆನಿದ್ದೆಯಲ್ಲೂ ಗುರುತು ಸಿಗುತ್ತದೆ.

ಚೀಲ ಕೈಗೆ ಸಿಗದೆಯೂ ಹೋಗಬಹುದು ಅಂತಾದರೆ, ತೀರಾ ಬೇಕಾದದ್ದು ಮೈಮೇಲೆ ಇರಬೇಕು. ಇದನ್ನೇ ನಾನು ಜಾಸ್ತಿ ಒತ್ತಿ ಹೇಳುವುದು. ಕ್ಯಾಬಿನ್‌ನಿಂದ ಊಟಕ್ಕೆ ಹೋಗಲಿ, ಈಜುಕೊಳಕ್ಕೆ ಹೋಗಲಿ, ಜಿಪ್ ಇರುವ ಜೇಬಿನಲ್ಲೋ ಸೊಂಟದ ಪುಟ್ಟ ಚೀಲದಲ್ಲೋ ಹಡಗಿನ ಕಾರ್ಡ್ ಇರಲಿ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಎಷ್ಟೋ ಹಡಗುಗಳಲ್ಲಿ ಲೆಕ್ಕ ಹಾಕುವುದು ಅದನ್ನು ಸ್ಕ್ಯಾನ್ ಮಾಡಿಯೇ. ಆಸ್ತಮಾ ಇರುವವರ ಇನ್‌ಹೇಲರ್, ಎದೆನೋವಿಗೆ ನಾಲಗೆ ಕೆಳಗೆ ಇಡುವ ಮಾತ್ರೆ, ತೀವ್ರ ಅಲರ್ಜಿ ಇರುವವರ ಅಡ್ರಿನಲಿನ್ ಪೆನ್, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರ ಗ್ಲೂಕೋಸ್ ಮಾತ್ರೆ ಅಲ್ಲೇ ಇರಬೇಕು. ಇವು ನಿಮಿಷಗಳ ಲೆಕ್ಕದಲ್ಲಿ ಬೇಕಾಗುವಂಥವು. ‘ಕ್ಯಾಬಿನ್‌ನಲ್ಲಿದೆ ಡಾಕ್ಟ್ರೇ, ಈಗ ತರ್ತೀನಿ’ ಅನ್ನುವ ಮಾತು ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ.

ಉಳಿದದ್ದಕ್ಕೆ ಚೀಲ. ಅದು ದೊಡ್ಡದಾಗಿರಬಾರದು. ಲೈಫ್‌ಬೋಟ್‌ನಲ್ಲಿ ಒಬ್ಬರಿಗೆ ಲೆಕ್ಕ ಹಾಕುವ ಸೀಟಿನ ಅಗಲ 430 ಮಿಲಿಮೀಟರ್ ಮಾತ್ರ. ದಪ್ಪನೆಯ ಲೈಫ್ ಜಾಕೆಟ್ ಹಾಕಿಕೊಂಡು ಅಷ್ಟರಲ್ಲೇ ಕೂರಬೇಕು. ಮೆಟ್ಟಿಲ ಕಂಬಿ ಹಿಡಿಯಲು, ಮಗುವಿನ ಕೈ ಹಿಡಿಯಲು ಎರಡೂ ಕೈ ಖಾಲಿ ಬೇಕು. ಚಪ್ಪಟೆಯಾಗಿ ಹೆಗಲಿಗೆ ಅಡ್ಡ ಹಾಕುವ, ನೀರು ಒಳಗೆ ಹೋಗದ ಚೀಲ ಒಳ್ಳೆಯದು. ಮೊದಲು ಜಾಕೆಟ್ ಹಾಕಿ ಪಟ್ಟಿ ಬಿಗಿದು, ಆಮೇಲೆ ಚೀಲ ಹಾಕಿಕೊಳ್ಳಿ. ಬಿಟ್ಟು ಬನ್ನಿ ಅಂತ ಸಿಬ್ಬಂದಿ ಹೇಳಿದರೆ ಒಂದೂ ಮಾತಾಡದೆ ಬಿಟ್ಟುಬಿಡಿ. 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ ಬಿರುಗಾಳಿ ನಡುವೆ ವೈಕಿಂಗ್ ಸ್ಕೈ ಹಡಗಿನ ಎಂಜಿನ್‌ಗಳು ನಿಂತಾಗ 479 ಪ್ರಯಾಣಿಕರನ್ನು ಹೆಲಿಕಾಪ್ಟರ್‌ನಲ್ಲಿ ಒಬ್ಬೊಬ್ಬರಾಗಿ ಮೇಲಕ್ಕೆ ಎಳೆದುಕೊಂಡರು. ಹಾಗೆ ಹಗ್ಗದಲ್ಲಿ ಮೇಲೆ ಹೋಗುವಾಗ ಚೀಲ ಜೊತೆಗೆ ಬಂದೇ ಬರುತ್ತದೆ ಅಂತ ನಂಬಿ ಕೂರುವಂತಿಲ್ಲ.

ತಿಂಡಿ, ನೀರಿನ ಬಾಟಲಿ ತುಂಬುವವರೇ ಹೆಚ್ಚು. ಅದರ ಅಗತ್ಯ ಇಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲೈಫ್‌ಬೋಟ್‌ನಲ್ಲಿ ತಲಾ 3 ಲೀಟರ್ ಕುಡಿಯುವ ನೀರು, ತಲಾ 10,000 ಕಿಲೋಜೂಲ್ ಶಕ್ತಿ ಕೊಡುವ ಒಣ ಆಹಾರ, ಕನಿಷ್ಠ 48 ಗಂಟೆಗೆ ಸಾಲುವಷ್ಟು ವಾಂತಿ ತಡೆಯುವ ಮಾತ್ರೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರುತ್ತವೆ. ನಿಮ್ಮ ಬಿ.ಪಿ., ಫಿಟ್ಸ್, ಥೈರಾಯ್ಡ್ ಮಾತ್ರೆ ಅದರಲ್ಲಿರುವುದಿಲ್ಲ.

ಹಾಗಾಗಿ ಚೀಲದಲ್ಲಿ ಮೊದಲ ಜಾಗ ಔಷಧಿಗೆ. ಕನಿಷ್ಠ ಮೂರು ದಿನಕ್ಕೆ ಸಾಲುವಷ್ಟು, ಸಾಧ್ಯವಾದರೆ ಒಂದು ವಾರದ್ದು. ಮಾತ್ರೆಗಳನ್ನು ಡಬ್ಬಿಗೆ ಸುರಿದು ತರಬೇಡಿ, ಹೆಸರು ಕಾಣುವ ಹಾಗೆ ಸ್ಟ್ರಿಪ್‌ನಲ್ಲೇ ಇರಲಿ. ಬಿಳಿ ಮಾತ್ರೆಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ಯಾವುದಕ್ಕೆ ಯಾವುದು ಅಂತ ಗಾಬರಿಯಲ್ಲಿರುವವರನ್ನು ಕೇಳಿದರೆ ಅವರಿಗೂ ನೆನಪಾಗುವುದಿಲ್ಲ. ಕೆಲವು ಮಾತ್ರೆ ಒಂದು ದಿನ ತಪ್ಪಿದರೆ ದೊಡ್ಡ ತೊಂದರೆ ಇಲ್ಲ. ಆದರೆ ಫಿಟ್ಸ್ ಮಾತ್ರೆ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್, ಹೃದಯಕ್ಕೆ ಕೊಡುವ ಮೆಟೊಪ್ರೊಲೋಲ್ ಥರದ ಮಾತ್ರೆ ಹಠಾತ್ತಾಗಿ ನಿಂತರೆ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆಯೂ ಅಷ್ಟೇ. ಹಡಗಿನ ಔಷಧಿ ಕಪಾಟಿನಲ್ಲಿ ತುರ್ತಿಗೆ ಬೇಕಾದದ್ದು ಇರುತ್ತದೆ, ಪ್ರತಿಯೊಬ್ಬರ ಮಾತ್ರೆಯೂ ಇರಲು ಸಾಧ್ಯವಿಲ್ಲ.

ಇನ್ಸುಲಿನ್ ಬಗ್ಗೆ ಸುಮಾರು ಜನ ಕೇಳುತ್ತಾರೆ. ಅದು ಸದಾ ಫ್ರಿಜ್‌ನಲ್ಲೇ ಇರಬೇಕು ಅಂತ ಅವರ ನಂಬಿಕೆ. ಬಳಕೆಯಲ್ಲಿರುವ ಪೆನ್ ಅಥವಾ ಸೀಸೆ ತೀರಾ ಬಿಸಿಯಿಲ್ಲದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಪೆಟ್ಟಿಗೆಯಲ್ಲಿರುವ ಚೀಟಿಯಲ್ಲಿ ಸರಿಯಾದ ಅವಧಿ ಬರೆದಿರುತ್ತದೆ. ಆದ್ದರಿಂದ ಈಗ ಬಳಸುತ್ತಿರುವ ಪೆನ್, ಸೂಜಿ, ಸಕ್ಕರೆ ನೋಡುವ ಮೀಟರ್ ಚೀಲದಲ್ಲಿರಲಿ. ಉಳಿದದ್ದು ಮಾತ್ರ ಕ್ಯಾಬಿನ್ ಫ್ರಿಜ್‌ಗೆ ಹೋಗಲಿ. ಆ ಪುಟ್ಟ ಫ್ರಿಜ್‌ಗಳು ಕೆಲವು ಸಲ ಸರಿಯಾಗಿ ತಂಪು ಮಾಡುವುದಿಲ್ಲ, ಹಾಗಾಗಿ ಹಡಗು ಹತ್ತಿದ ದಿನವೇ ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಜುಗಡ್ಡೆಗೆ ತಾಗಿಸಿ ಮಾತ್ರ ಇಡಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಕಾಗದಪತ್ರದ ಕೆಲಸ ಸುಲಭ. ಪಾಸ್‌ಪೋರ್ಟ್, ವಿಮೆಯ ಕಾಗದ, ಒಂದು ಬ್ಯಾಂಕ್ ಕಾರ್ಡ್, ಸ್ವಲ್ಪ ನಗದು ಒಂದು ಜಿಪ್ ಕವರ್‌ನಲ್ಲಿ ಒಟ್ಟಿಗೆ ಇರಲಿ. ಹಗಲು ಆ ಕವರ್ ಸೇಫ್‌ನಲ್ಲಿ, ರಾತ್ರಿ ಮಲಗುವ ಮುಂಚೆ ಚೀಲದಲ್ಲಿ. ಕತ್ತಲಲ್ಲಿ ಸೇಫ್‌ನ ನಂಬರ್ ಒತ್ತುತ್ತಾ ನಿಲ್ಲುವ ಹಾಗೆ ಆಗಬಾರದು. ಕೆಲವು ಪ್ರಯಾಣಗಳಲ್ಲಿ ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಒಂದು ಕಾಗದದ ಪ್ರತಿ ಚೀಲದಲ್ಲಿ, ಒಂದು ಫೋಟೋ ಫೋನಿನಲ್ಲಿ, ಇನ್ನೊಂದು ಮನೆಯಲ್ಲಿರುವವರ ಹತ್ತಿರ ಇರಬೇಕು. ಫೋನಿನಲ್ಲಿರುವುದು ನೆಟ್ ಇಲ್ಲದಿದ್ದರೂ ತೆರೆಯುವಂತಿರಲಿ, ನಡುಸಮುದ್ರದಲ್ಲಿ ನೆಟ್ ನಂಬುವಂತಿಲ್ಲ. ಒಡವೆ ಬಗ್ಗೆ ಕೇಳುವವರಿಗೆ ನಾನು ಹೇಳುವುದು, ಬೆಲೆಬಾಳುವ ಒಡವೆಯನ್ನು ಹಡಗಿಗೆ ತರಲೇಬೇಡಿ ಅಂತ. ಜನ ವಾಪಸ್ ಓಡುವುದು ಅಂಥದಕ್ಕೇ.

ರಾತ್ರಿಗೆ ಬೇಕಾದದ್ದು ಇನ್ನೂ ಮೂರು. ಬೆರಳು ಮುಚ್ಚುವ ಶೂ ಮಂಚದ ಪಕ್ಕದಲ್ಲಿ. ಒಂದು ಬೆಚ್ಚನೆಯ ಅಂಗಿ, ಪ್ರಯಾಣ ಸೆಕೆಯ ಕಡಲಲ್ಲಿದ್ದರೂ ಸರಿ. ಲೈಫ್‌ಬೋಟ್‌ನಲ್ಲಿ ಮೈ ಬೆಚ್ಚಗಿಡುವ ವಿಶೇಷ ಹೊದಿಕೆ ಇರಬೇಕಾದದ್ದು ಒಟ್ಟು ಜನರಲ್ಲಿ ಶೇಕಡಾ 10ರಷ್ಟು ಮಂದಿಗೆ, ಎಲ್ಲರಿಗೂ ಅಲ್ಲ. ಮೂರನೆಯದು ಸಣ್ಣ ಟಾರ್ಚ್. ಫೋನಿನ ಬೆಳಕು ಸಾಕು ಅನ್ನಿಸಬಹುದು, ಆದರೆ ಆ ಫೋನ್ ಆಮೇಲೆ ಮಾತಾಡಲು ಬೇಕು. ಹೊಗೆ ಮೇಲೆ ಏರುತ್ತದೆ, ಅದಕ್ಕೇ ಕಾರಿಡಾರಿನ ನೆಲದ ಹತ್ತಿರ ಹೊಳೆಯುವ ದಾರಿಪಟ್ಟಿ ಹಾಕಿರುತ್ತಾರೆ. ಬಗ್ಗಿ ಅದನ್ನು ಹಿಡಿದು ಹೋಗಿ. ನಿಮ್ಮ ಬಾಗಿಲಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಅಂತ ಮೊದಲ ದಿನವೇ ಎಣಿಸಿಕೊಂಡಿರಿ.

ಚೀಲ ಬಾಗಿಲ ಹತ್ತಿರದ ಕೊಕ್ಕೆಯಲ್ಲಿ ಪ್ರತಿ ರಾತ್ರಿ ಒಂದೇ ಜಾಗದಲ್ಲಿರಲಿ. ಗಂಡ ಹೆಂಡತಿ ಇಬ್ಬರಿದ್ದರೆ ಎರಡು ಚೀಲ ಮಾಡಿ, ಇಬ್ಬರ ಔಷಧಿಯನ್ನೂ ಎರಡರಲ್ಲೂ ಹಂಚಿ. ಒಬ್ಬರು ಮೇಲಿನ ಡೆಕ್‌ನಲ್ಲಿ, ಇನ್ನೊಬ್ಬರು ನಿದ್ದೆಯಲ್ಲಿ ಇರುವಾಗ ಅಲಾರಂ ಆಗಬಹುದಲ್ವಾ? ಮಕ್ಕಳನ್ನು ಆಟದ ಕೋಣೆಯಲ್ಲಿ ಬಿಡುವವರು ಮೊದಲ ದಿನವೇ ಒಂದು ಪ್ರಶ್ನೆ ಕೇಳಬೇಕು: ‘ಅಲಾರಂ ಆದರೆ ಮಗುವನ್ನು ನೀವೇ ಮಸ್ಟರ್ ಸ್ಟೇಷನ್‌ಗೆ ಕರೆತರುತ್ತೀರಾ, ನಾವು ಇಲ್ಲಿಗೆ ಬರಬೇಕಾ?’ ಹಡಗಿನಿಂದ ಹಡಗಿಗೆ ಉತ್ತರ ಬೇರೆ. ಅದು ಗೊತ್ತಿಲ್ಲದ ತಂದೆ ತಾಯಿ ಎರಡು ಕಡೆ ಓಡುತ್ತಾರೆ.

ಇಷ್ಟೆಲ್ಲ ಹೇಳಿದರೂ, ಈ ಚೀಲ ನಿಜವಾಗಿ ಜಾಸ್ತಿ ಬಳಕೆಗೆ ಬರುವುದು ಅಲಾರಂ ಆದಾಗ ಅಲ್ಲ. ಒಬ್ಬರಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ, ಅವರನ್ನು ಹಡಗಿನಿಂದ ಇಳಿಸಿ ಊರಿನ ಆಸ್ಪತ್ರೆಗೆ ಕಳಿಸುವಾಗ. ಆಗ ಜೊತೆಗಿರುವವರಿಗೆ ಸಿಗುವುದು ಕೆಲವೇ ನಿಮಿಷ. ಅವರು ಕ್ಯಾಬಿನ್‌ಗೆ ಹೋಗಿ ತೆರೆದ ಬೀರು ಮುಂದೆ ನಿಂತುಬಿಡುತ್ತಾರೆ, ಏನು ತೆಗೆದುಕೊಳ್ಳಬೇಕು ಅಂತಲೇ ತೋಚುವುದಿಲ್ಲ. ಹಡಗು ಮುಂದೆ ಹೋಗಿಬಿಡುತ್ತದೆ, ಸಾಮಾನು ಆಮೇಲೆ ಎಂದೋ ಸೇರುತ್ತದೆ. ಚೀಲ ಸಿದ್ಧವಿದ್ದವರು ಅದನ್ನು ಹೆಗಲಿಗೆ ಹಾಕಿಕೊಂಡು ರೋಗಿಯ ಪಕ್ಕದಲ್ಲೇ ಇರುತ್ತಾರೆ. ಚಾರ್ಜರ್, ಓದುವ ಕನ್ನಡಕ, ಶ್ರವಣ ಸಾಧನದ ಬ್ಯಾಟರಿ, ಒಂದು ಜೊತೆ ಒಳಉಡುಪು ಚೀಲದಲ್ಲಿರಲಿ ಅನ್ನುವುದು ಅದಕ್ಕೇ.

ಜೊತೆಗೆ ಒಂದು ಹಾಳೆ ಇರಲಿ. ಹೆಸರು, ಹುಟ್ಟಿದ ದಿನ, ಯಾವ ಕಾಯಿಲೆ, ಯಾವ ಆಪರೇಷನ್ ಆಗಿದೆ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಯಾವ ಔಷಧಿ ಮೈಗೆ ಆಗುವುದಿಲ್ಲ, ಮನೆಯವರ ಫೋನ್ ನಂಬರ್, ವಿಮೆ ಕಂಪನಿಯ 24 ಗಂಟೆಯ ನಂಬರ್. ಮಾತ್ರೆಗಳ ಬ್ರ್ಯಾಂಡ್ ಹೆಸರು ಸಾಲದು, ಪಕ್ಕದಲ್ಲಿ ಒಳಗಿರುವ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ಇರಬೇಕು. ಬ್ರ್ಯಾಂಡ್ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸಾಧ್ಯವಾದರೆ ಹಳೆಯ ಇಸಿಜಿಯ ಪ್ರತಿಯೂ ಇರಲಿ. ಎದೆನೋವು ಅಂತ ಬಂದವರ ಇವತ್ತಿನ ಇಸಿಜಿಯಲ್ಲಿ ಹೊಸದೇನಿದೆ ಅಂತ ತಿಳಿಯಲು ಹಳೆಯದು ಪಕ್ಕದಲ್ಲಿದ್ದರೆ ನಮಗೆ ಎಷ್ಟೋ ಸಹಾಯ. ಕೈಬರಹ ಬೇಡ, ಟೈಪ್ ಮಾಡಿಸಿ. ಮತ್ತೆ ಆ ಹಾಳೆ ಎಲ್ಲಿದೆ ಅಂತ ಜೊತೆಗೆ ಬಂದವರಿಗೆ ತೋರಿಸಿ. ಅದನ್ನು ನಮ್ಮ ಕೈಗೆ ಕೊಡಬೇಕಾದವರು ಅವರೇ.