ಎರಡು ನಲ್ಲಿ, 140 ತಟ್ಟೆ

ನಾನು ಈ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ವರ್ಗವಾಗಿ ಬಂದಾಗ ವರಾಂಡದ ಗೋಡೆ ಮೇಲೆ ಹಸಿರು ಬಣ್ಣದಲ್ಲಿ 22 ನಿಯಮಗಳಿದ್ದವು. 'ಗುರುಹಿರಿಯರನ್ನು ಗೌರವಿಸಿ', 'ಸದಾ ಸತ್ಯ ನುಡಿಯಿರಿ', ಹೀಗೆ. ಆರನೇ ತರಗತಿಯ ಹುಡುಗನೊಬ್ಬನನ್ನು ಕರೆದು, ಗೋಡೆ ನೋಡದೆ ಇದರಲ್ಲಿ ಯಾವುದಾದರೂ ಒಂದು ಹೇಳಪ್ಪ ಅಂದೆ. ತಲೆ ಕೆರೆದುಕೊಂಡು, "ಗೋಡೆಗೆ ಒರಗಬಾರದು ಮಿಸ್" ಅಂದ. ಅದು ಪಟ್ಟಿಯಲ್ಲಿ ಇರಲೇ ಇಲ್ಲ. ಬಣ್ಣ ಹಾಳಾಗುತ್ತದೆ ಅಂತ ಯಾರೋ ಬೈದಿದ್ದರಂತೆ. ಅವನಿಗೆ ನೆನಪಿದ್ದದ್ದು ಅದೊಂದೇ.

ನಮ್ಮದು ಒಂದರಿಂದ ಏಳರವರೆಗಿನ ಸರ್ಕಾರಿ ಶಾಲೆ, ಸುಮಾರು 140 ಮಕ್ಕಳು. ಆಗ ದಿನಾ ಜಗಳ ಆಗುತ್ತಿದ್ದದ್ದು ಒಂದೇ ಜಾಗದಲ್ಲಿ, ಬಿಸಿಯೂಟ ಆದಮೇಲೆ ತಟ್ಟೆ ತೊಳೆಯುವ ನಲ್ಲಿ ಹತ್ತಿರ. ಏಳನೇ ತರಗತಿಯವರು ಚಿಕ್ಕವರನ್ನು ತಳ್ಳಿಕೊಂಡು ನುಗ್ಗುವುದು, ಒಂದನೇ ತರಗತಿಯವರು ಮೈಯೆಲ್ಲಾ ಒದ್ದೆ ಮಾಡಿಕೊಂಡು ಅಳುತ್ತಾ ಬರುವುದು. ಒಂದು ದಿನ ತಟ್ಟೆಯ ಅಂಚು ತಾಗಿ ಒಂದು ಮಗುವಿನ ತುಟಿ ಒಡೆಯಿತು. ಬೈದೆವು. ಹೊರಗೆ ನಿಲ್ಲಿಸಿದೆವು. ಅಪ್ಪಂದಿರನ್ನು ಕರೆಸಿದೆವು. ಬಂದ ಅಪ್ಪಂದಿರು ಹೇಳಿದ್ದು ಒಂದೇ ಮಾತು: "ಎಲ್ಡು ಬುಡಿ ಮೇಡಂ, ನಾವೇನೂ ಕೇಳಾಕಿಲ್ಲ."

ಈ ಮಾತು ಕೇಳದ ಮೇಷ್ಟ್ರು ಈ ರಾಜ್ಯದಲ್ಲಿ ಇರಲಿಕ್ಕಿಲ್ಲ. ನಮ್ಮ ಮೇಲಿನ ನಂಬಿಕೆಯಿಂದಲೇ ಹೇಳುತ್ತಾರೆ, ನಿಜ. ಆದರೆ ಆ ಅನುಮತಿ ಕೊಡುವ ಹಕ್ಕು ಅವರಿಗೂ ಇಲ್ಲ, ತೆಗೆದುಕೊಳ್ಳುವ ಹಕ್ಕು ನಮಗೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವಂತಿಲ್ಲ. ಮೀರಿದರೆ ಶಿಕ್ಷಕರ ಮೇಲೆ ಸೇವಾ ನಿಯಮದಡಿ ಶಿಸ್ತು ಕ್ರಮ. ಹಾಗಾದರೆ ಏನು ಮಾಡಬೇಕು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದವಳೇ.

ಒಂದು ಮಧ್ಯಾಹ್ನ ಸುಮ್ನೆ ಹೋಗಿ ನಲ್ಲಿ ಹತ್ತಿರ ನಿಂತೆ, ಕೈಗಡಿಯಾರ ನೋಡಿಕೊಂಡು. ನಾಲ್ಕು ನಲ್ಲಿ ಇದ್ದವು, ಎರಡರಲ್ಲಿ ನೀರು ಬರುತ್ತಿರಲಿಲ್ಲ. ಒಂದು ತಟ್ಟೆಗೆ ಅರ್ಧ ನಿಮಿಷ ಬೇಕು. ಅಂದರೆ ಒಂದೊಂದು ನಲ್ಲಿಗೆ 70 ತಟ್ಟೆ, 35 ನಿಮಿಷ. ಸಾಲಿನ ಕೊನೆಯಲ್ಲಿ ನಿಂತವನಿಗೆ ತಟ್ಟೆ ತೊಳೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಆಟ ಇಲ್ಲ. ದೊಡ್ಡ ಹುಡುಗರು ತಳ್ಳುತ್ತಿದ್ದದ್ದು ಕೊಬ್ಬಿಗಲ್ಲ, ಕಬಡ್ಡಿಗೆ! ಎಷ್ಟೋ ತಿಂಗಳು ನಾವು ಮಕ್ಕಳ ನಡತೆ ತಿದ್ದುತ್ತಾ ಕೂತಿದ್ದೆವು, ಕೆಟ್ಟಿದ್ದದ್ದು ನಲ್ಲಿ.

ವಿಷಯವನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಂದೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದಲೇ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದಮೇಲೆ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಆಗಿರಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಕಾಗದದಲ್ಲಿ ಎಲ್ಲಾ ಸರಿ ಇರುತ್ತದೆ. ಸದಸ್ಯೆ ಹೆಂಡತಿ, ಸಹಿ ಹಾಕಲು ಬರುವುದು ಗಂಡ, ಅದು ಬೇರೆ ಕಥೆ. ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಇಟ್ಟೆವು, ಒಂಬತ್ತು ಜನ ಹೆಂಗಸರು ಬಂದರು. ಗಾರೆ ಕೆಲಸ, ಪೈಪ್ ಕೆಲಸ ಎರಡೂ ಗೊತ್ತಿದ್ದ ಒಬ್ಬ ಅಪ್ಪ ಆವತ್ತೇ ಟಾರ್ಚ್ ಹಾಕಿ ನೋಡಿ, "ವಾಷರ್ ಹೋಗಿದೆ, ಅಷ್ಟೇ" ಅಂದರು. ಆ ಭಾನುವಾರ ಎರಡು ನಲ್ಲಿ ರಿಪೇರಿಯಾದವು. ಪಕ್ಕದ ಗೋಡೆಗೆ ಪೈಪ್ ಎಳೆದು ಇನ್ನೂ ನಾಲ್ಕು ಕೂರಿಸಿದರು, ಚಿಕ್ಕವರ ಎತ್ತರಕ್ಕೆ.

ಸಾಲಿನ ನಿಯಮ ಮಾಡಿದ್ದು ಮಾತ್ರ ಮಕ್ಕಳು. ಶನಿವಾರದ ಬೆಳಗಿನ ಶಾಲೆ ಮುಗಿಯುವ ಮುಂಚೆ, ಮಕ್ಕಳೇ ಮಂತ್ರಿಗಳಾಗಿರುವ ಶಾಲಾ ಸಂಸತ್ತು ಸೇರಿತು. ಚಿಕ್ಕವರು ಮೊದಲು ತೊಳೆಯಲಿ ಅಂದಿದ್ದಕ್ಕೆ ಏಳನೇ ತರಗತಿಯವನೊಬ್ಬ ಎದ್ದು, "ನಾವು ಕೊನೇಲಿ ನಿಂತ್ರೆ ಬಾಲ್ ನಮಗೇ ಮೊದ್ಲು ಕೊಡ್ತೀರಾ?" ಅಂತ ಚೌಕಾಸಿಗೆ ಇಳಿದ. ಕೊಟ್ಟೆವು. ತಳ್ಳಿದವನು ತಳ್ಳಿಸಿಕೊಂಡವರ ತಟ್ಟೆ ತೊಳೆದು ಕೊಡಬೇಕು ಅಂತಲೂ ಅವರೇ ತೀರ್ಮಾನ ಮಾಡಿದರು.

ಗಲಾಟೆ ಆದದ್ದು ಇದಕ್ಕೇ. ಮೂರನೇ ವಾರ ಒಬ್ಬ ಅಪ್ಪ ಬಂದು ಬಾಗಿಲಲ್ಲೇ ನಿಂತರು. "ನಮ್ಮ ಹುಡುಗ ಅವರ ತಟ್ಟೆ ಯಾಕೆ ತೊಳೀಬೇಕು ಮೇಡಂ?" ಆ 'ಅವರ' ಅನ್ನುವ ಪದದ ಮೇಲೆ ಒಂದು ಒತ್ತು ಇತ್ತು. ಹಳ್ಳಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಅದು ಕಿವಿಗೆ ಬಿದ್ದ ಕೂಡಲೇ ಅರ್ಥವಾಗುತ್ತದೆ. ಕೂರಿಸಿ ಹೇಳಿದೆ. ಸಾಲಲ್ಲಿ ಯಾರು ಮೊದಲು, ಚೆಂಡು ಯಾರಿಗೆ, ತಪ್ಪಿಗೆ ಏನು ಮಾಡಿಸಬೇಕು, ಇದೆಲ್ಲಾ ಸಭೆಯಲ್ಲಿ ಕೂತು ಬದಲಾಯಿಸಬಹುದು. ತಟ್ಟೆ ತೊಳೆಯುವುದು ಬೇಡ ಅಂದರೆ ಬೇರೆ ಯೋಚಿಸೋಣ. ಆದರೆ ನೀವು ಹೇಳುತ್ತಿರುವ ಕಾರಣಕ್ಕೆ ಆಗುವುದಿಲ್ಲ, ಅದಕ್ಕೆ ಯಾವ ಸಭೆಯಲ್ಲೂ ಕೈ ಎತ್ತಿಸುವುದಿಲ್ಲ ಅಂದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಕಿತ್ತುಹಾಕಿದೆ. ಹೊಡೆತ ಬೇಡ ಅನ್ನುವ ಸೆಕ್ಷನ್ನೂ 17. ಹೊಸ ಶಿಕ್ಷಕರಿಗೆ ನಾನು ಎರಡು ಹದಿನೇಳು ನೆನಪಿರಲಿ ಅನ್ನುತ್ತೇನೆ. ಮಕ್ಕಳಿಂದ ಶೌಚಾಲಯ ತೊಳೆಸುವುದೂ ಚರ್ಚೆಗೆ ಬರುವಂಥದ್ದಲ್ಲ, ಇಲಾಖೆ ಬೇಡ ಅಂದಿದೆ. ಇನ್ನು ಮಗುವನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿದ ವಿಷಯ ಬಂದರೆ ಊರ ಹಿರಿಯರ ರಾಜಿಗೆ ಜಾಗವೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

"ಅಂದಹಾಗೆ, ಆ ತೀರ್ಮಾನ ಮೊದಲು ಹೇಳಿದ್ದೇ ನಿಮ್ಮ ಮಗ. ಅವನೇ ಆಹಾರ ಮಂತ್ರಿ" ಅಂದೆ. ಅವರು ಏನೂ ಅನ್ನದೆ ಎದ್ದು ಹೋದರು. ಒಪ್ಪಿದರು ಅಂತ ಹೇಳಲಾರೆ. ಹುಡುಗ ಮಾರನೇ ದಿನ ತಟ್ಟೆ ತೊಳೆದುಕೊಟ್ಟ.

ನಮಗೆ, ಅಂದರೆ ದೊಡ್ಡವರಿಗೆ ಬಿಸಿ ಮುಟ್ಟಿದ್ದು ಮುಂದಿನ ಶನಿವಾರ. ಅವರವರ ತಟ್ಟೆ ಅವರವರೇ ತೊಳೆಯಬೇಕು ಅಂತ ಸಭೆಯಲ್ಲಿ ಓದಿ ಹೇಳುತ್ತಿದ್ದೆ. ಐದನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ಟೀ ಲೋಟ?" ಸ್ಟಾಫ್ ರೂಮಿನ ಏಳು ಲೋಟಗಳನ್ನು ದಿನಾ ಇಬ್ಬರು ಹುಡುಗಿಯರು ತೊಳೆಯುತ್ತಿದ್ದರು. ಯಾವಾಗಲೂ ಹುಡುಗಿಯರೇ. ಅದು ಎಷ್ಟು ವರ್ಷದಿಂದ ನಡೆದುಕೊಂಡು ಬಂದಿತ್ತೋ, ನಾನು ಬಂದಮೇಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಶಿಕ್ಷಕರು ಕಿಟಕಿ ಕಡೆ ನೋಡುತ್ತಿದ್ದರು. "ಅದೂ ಅಷ್ಟೇ, ಅವರವರೇ" ಅಂತ ಬರೆದುಕೊಂಡೆ.

ಸೋಮವಾರ ನನ್ನ ಲೋಟ ಹಿಡಿದುಕೊಂಡು ಸಾಲಲ್ಲಿ ನಿಂತೆ. ಮುಂದೆ ಹೋಗಿ ಮಿಸ್ ಅಂತ ಇಬ್ಬರು ಜಾಗ ಬಿಟ್ಟರು, ಹೋಗಲಿಲ್ಲ. ಈಗ ಎಲ್ಲರಿಗೂ ಅಭ್ಯಾಸವಾಗಿದೆ. ನಮ್ಮ ಹಿರಿಯ ಮೇಷ್ಟ್ರೊಬ್ಬರು ಮಾತ್ರ ಆವತ್ತಿನಿಂದ ಶಾಲೆಯಲ್ಲಿ ಟೀ ಕುಡಿಯುವುದನ್ನೇ ಬಿಟ್ಟಿದ್ದಾರೆ. ಕೇಳಿದರೆ ಶುಗರ್ ಅಂತಾರೆ.