ಮುರಿದ ದೋಟಿ ಮತ್ತು ಬಿಡಿಸಲಾಗದ ಬೆಸುಗೆ

ಸಾಗರ ತಾಲ್ಲೂಕಿನ ನಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ಎರಡು ವರ್ಷಗಳಿಂದ ಒಂದು ಮುರಿದ ದೋಟಿ ಬಿದ್ದಿದೆ. ಕೊನೆ (ಅಡಿಕೆ ಗೊನೆ) ಕೊಯ್ಯಲು ಮತ್ತು ಕೊಳೆ ರೋಗಕ್ಕೆ ಮದ್ದು ಹೊಡೆಯಲು ಮಲೆನಾಡಿನ ಅಡಿಕೆ ತೋಟಗಳಲ್ಲಿ ಈಗ ಬಳಕೆಯಾಗುತ್ತಿರುವ ಕಾರ್ಬನ್ ಫೈಬರ್ ದೋಟಿ ಅದು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳನ್ನು ಎಳೆದು ನಿಲ್ಲಿಸಿದರೆ ಐವತ್ತು ಅರವತ್ತು ಅಡಿ ಎತ್ತರದ ಕೊನೆಯನ್ನು ನೆಲದ ಮೇಲೆ ನಿಂತೇ ಇಳಿಸಬಹುದು. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾಗಿರುವ ಈ ಕಾಲದಲ್ಲಿ ಅದು ತೋಟದವರಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ನಮ್ಮದು ಒಂದು ಮಳೆಗಾಲದಲ್ಲಿ ಎರಡು ಮರಗಳ ನಡುವೆ ಸಿಕ್ಕಿಕೊಂಡು, ಬಿಡಿಸುವಾಗ ಮೂರನೆಯ ಕೊಳವೆ ಸೀಳಿಹೋಯಿತು.

ಸೀಳಿದ ತುದಿಯನ್ನು ಬೆಳಕಿಗೆ ಹಿಡಿದರೆ ಆ ವಸ್ತುವಿನ ಒಳಗುಟ್ಟು ಕಾಣುತ್ತದೆ. ಹೊರಗೆ ನುಣುಪಾದ ಕಪ್ಪು ಹೊಳಪು. ಒಳಗೆ ಕುಂಚದಂತೆ ಕೆದರಿಕೊಂಡ ಸಾವಿರಾರು ಕರಿಯ ಎಳೆಗಳು. ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಹತ್ತರಲ್ಲಿ ಒಂದು ಪಾಲಿನಷ್ಟು. ಬೆರಳಿಗೆ ತಾಗಿದರೆ ಕಣ್ಣಿಗೆ ಕಾಣದ ಮುಳ್ಳು ಚುಚ್ಚಿದಂತಾಗಿ, ಎಷ್ಟು ತೊಳೆದರೂ ಆ ದಿನವೆಲ್ಲ ಕೆರೆತ ಹೋಗುವುದಿಲ್ಲ. ಮುರಿದದ್ದನ್ನು ಪೇಟೆಗೆ ಒಯ್ದಾಗ ಗುಜರಿ ಅಂಗಡಿಯವರು ತಿರುಗಿಸಿ ನೋಡಿ, “ಇದು ಕಬ್ಬಿಣವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಇದನ್ನು ಯಾರು ತಗೋತಾರೆ ಮಾರಾಯ್ರೆ” ಎಂದು ವಾಪಸು ಕೊಟ್ಟರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹತ್ತಾರು ವಿಶ್ವವಿದ್ಯಾಲಯಗಳೂ ಕಂಪನಿಗಳೂ ಒಟ್ಟುಗೂಡಿ ಇಂದು ಉತ್ತರ ಹುಡುಕುತ್ತಿರುವುದು ಸರಿಯಾಗಿ ಅದೇ ಪ್ರಶ್ನೆಗೆ.

ಎರಡು ಬೇರೆ ಬೇರೆ ವಸ್ತುಗಳು ತಮ್ಮ ಗುಣವನ್ನು ಉಳಿಸಿಕೊಂಡೇ ಒಂದಾಗಿ, ಒಂಟಿಯಾಗಿ ಎರಡಕ್ಕೂ ಇಲ್ಲದ ಬಲವನ್ನು ಪಡೆದರೆ ಅದನ್ನು ಕಾಂಪೋಸಿಟ್ ಅಥವಾ ಸಂಯೋಜಿತ ವಸ್ತು ಎನ್ನುತ್ತಾರೆ. ನಮಗಿದು ಹೊಸದಲ್ಲ. ಅಡಿಕೆ ಮರದ ಕಾಂಡವೇ ಒಂದು ಸಂಯೋಜಿತ ವಸ್ತು: ಸೆಲ್ಯುಲೋಸ್ ಎಂಬ ನಾರು ಎಳೆತವನ್ನು ತಡೆದುಕೊಳ್ಳುತ್ತದೆ, ಲಿಗ್ನಿನ್ ಎಂಬ ಅಂಟು ಆ ನಾರುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ದೋಟಿಯಲ್ಲಿ ನಾರಿನ ಜಾಗಕ್ಕೆ ಕಾರ್ಬನ್ ಎಳೆ ಬಂದಿದೆ, ಅಂಟಿನ ಜಾಗಕ್ಕೆ ಎಪಾಕ್ಸಿಯಂಥ ರಾಳ ಬಂದಿದೆ. ವ್ಯತ್ಯಾಸವೆಂದರೆ ಅಡಿಕೆ ಮರವನ್ನು ಬಿಡಿಸುವ ವಿದ್ಯೆ ಗೆದ್ದಲಿಗೂ ಶಿಲೀಂಧ್ರಕ್ಕೂ ಗೊತ್ತು, ದೋಟಿಯನ್ನು ಬಿಡಿಸುವ ವಿದ್ಯೆ ಮಣ್ಣಿನಲ್ಲಿರುವ ಯಾವ ಜೀವಿಗೂ ಗೊತ್ತಿಲ್ಲ.

ತೊಡಕಿನ ಮೂಲ ರಾಳದಲ್ಲಿದೆ. ಪ್ಲಾಸ್ಟಿಕ್‌ಗಳಲ್ಲಿ ಎರಡು ಜಾತಿ. ಒಂದು ಬೆಲ್ಲದಂಥದು, ಕಾಯಿಸಿದರೆ ಕರಗುತ್ತದೆ, ಅಚ್ಚಿಗೆ ಹೊಯ್ದರೆ ಗಟ್ಟಿಯಾಗುತ್ತದೆ, ಬೇಕೆಂದರೆ ಮತ್ತೆ ಕರಗಿಸಬಹುದು. ಕೊಡ, ಬಕೆಟ್ಟುಗಳ ಪ್ಲಾಸ್ಟಿಕ್ ಈ ಜಾತಿಯದು. ಇನ್ನೊಂದು ಕಡುಬಿನಂಥದು, ಒಮ್ಮೆ ಬೆಂದರೆ ಮುಗಿಯಿತು, ಅದು ಮತ್ತೆ ಹಿಟ್ಟಾಗುವುದಿಲ್ಲ. ಎಪಾಕ್ಸಿ, ಪಾಲಿಯೆಸ್ಟರ್ ಮುಂತಾದ ರಾಳಗಳಿಗೆ ಗಟ್ಟಿಕಾರಕವನ್ನು ಬೆರೆಸಿದಾಗ ಅಣುಗಳ ಸರಪಳಿಗಳು ಒಂದಕ್ಕೊಂದು ಅಡ್ಡಡ್ಡವಾಗಿ ಬೆಸೆದುಕೊಂಡು, ಇಡೀ ವಸ್ತುವೇ ಒಂದು ಬಲೆಯಾಗಿಬಿಡುತ್ತದೆ. ಮಲೆನಾಡಿನ ಮಳೆಗೆ, ಬಿಸಿಲಿಗೆ, ಮೈಲುತುತ್ತದ ದ್ರಾವಣಕ್ಕೆ ಅದು ಜಗ್ಗದಿರುವುದಕ್ಕೆ ಈ ಬಲೆಯೇ ಕಾರಣ. ಅದನ್ನು ಕರಗಿಸಿ ಮತ್ತೊಂದನ್ನು ಮಾಡಲಾಗದಿರುವುದಕ್ಕೂ ಅದೇ ಕಾರಣ.

ಒಮ್ಮೆ ಗಮನಿಸತೊಡಗಿದರೆ ಇಂಥ ವಸ್ತುಗಳು ಎಲ್ಲೆಲ್ಲೂ ಕಾಣುತ್ತವೆ. ಅಡಿಕೆ ಒಣಗಿಸುವ ಚಪ್ಪರದ ಫೈಬರ್ ಶೀಟು, ಬಚ್ಚಲುಮನೆಯ ಫೈಬರ್ ಬಾಗಿಲು, ಹಿನ್ನೀರಿನ ಫೈಬರ್ ದೋಣಿ, ಇವೆಲ್ಲ ಗಾಜಿನ ಎಳೆ ಮತ್ತು ರಾಳದ ಕೂಡಿಕೆಗಳು. ಶಿವಮೊಗ್ಗದಿಂದ ಪೂರ್ವಕ್ಕೆ ಹೊರಟರೆ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳೂ ಅವೇ. ಗಾಳಿಯಂತ್ರದ ಆಯುಷ್ಯ ಸಾಮಾನ್ಯವಾಗಿ 20ರಿಂದ 25 ವರ್ಷ. ಹಳೆಯ ಯಂತ್ರಗಳನ್ನು ಕಳಚಿ ಹೊಸದನ್ನು ನಿಲ್ಲಿಸುವುದಕ್ಕಾಗಿ ಕೇಂದ್ರ ಸರ್ಕಾರ 2016ರಲ್ಲಿ ಒಂದು ನೀತಿಯನ್ನೂ 2023ರಲ್ಲಿ ಅದರ ಪರಿಷ್ಕೃತ ರೂಪವನ್ನೂ ಹೊರಡಿಸಿದೆ. ಕಂಬದ ಉಕ್ಕಿಗೆ, ತಂತಿಯ ತಾಮ್ರಕ್ಕೆ ಗಿರಾಕಿ ಸಿಗುತ್ತಾರೆ. ರೆಕ್ಕೆಗೆ ಸಿಗುವುದಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಎಂಬ ಊರಿನಲ್ಲಿ ರೆಕ್ಕೆಗಳನ್ನು ತುಂಡರಿಸಿ ಸಾಲಾಗಿ ಮಣ್ಣಿನಲ್ಲಿ ಹೂಳುತ್ತಿರುವ ಚಿತ್ರಗಳನ್ನು ನೋಡಿದವರಿಗೆ ಈ ಸಮಸ್ಯೆಯ ಗಾತ್ರದ ಅರಿವಾದೀತು.

ಹಾಗಿದ್ದರೆ ಮಾಡುವುದೇನು? ಮೊದಲ ದಾರಿ, ಬಿಡಿಸುವ ಗೋಜಿಗೇ ಹೋಗದೆ ವಸ್ತುವನ್ನು ಅದರ ಬಲವಿರುವ ರೂಪದಲ್ಲೇ ಬೇರೆ ಕೆಲಸಕ್ಕೆ ಹಚ್ಚುವುದು. ಇದು ನನಗೆ ಹೆಚ್ಚು ಹಿಡಿಸುವ ದಾರಿ, ಏಕೆಂದರೆ ನಮ್ಮ ಹಿರಿಯರು ಅಡಿಕೆ ಮರದೊಡನೆ ನಡೆದುಕೊಂಡಿದ್ದೂ ಹೀಗೆಯೇ. ಫಸಲು ನಿಂತ ಮರವನ್ನು ಕಡಿದು, ಸೀಳಿ, ದಬ್ಬೆ ಮಾಡಿ ಚಪ್ಪರಕ್ಕೆ ಹಾಕುತ್ತಿದ್ದರು. ತಿರುಳು ತೆಗೆದ ಸೀಳಿನಲ್ಲಿ ಗುಡ್ಡದ ನೀರನ್ನು ಮನೆಯಂಗಳಕ್ಕೆ ಹರಿಸುತ್ತಿದ್ದರು. ಚಪ್ಪರದಲ್ಲಿ ಹಳತಾದದ್ದು ಬೇಲಿಗೆ ಹೋಗುತ್ತಿತ್ತು, ಬೇಲಿಯಲ್ಲಿ ಲಡ್ಡಾದದ್ದು ಬಚ್ಚಲೊಲೆಗೆ ಹೋಗುತ್ತಿತ್ತು. ಪ್ರತಿ ಹಂತದಲ್ಲೂ ಉಳಿದಿರುವ ಬಲಕ್ಕೆ ತಕ್ಕ ಕೆಲಸ. ಅಯರ್ಲೆಂಡ್, ಉತ್ತರ ಅಯರ್ಲೆಂಡ್ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತಿರುವ ರಿ-ವಿಂಡ್ ಎಂಬ ಸಂಶೋಧನಾ ಜಾಲವು ಗಾಳಿಯಂತ್ರದ ರೆಕ್ಕೆಗಳನ್ನು ಇದೇ ಕಣ್ಣಿನಿಂದ ನೋಡುತ್ತಿದೆ. ಕಾರ್ಕ್, ಬೆಲ್‌ಫಾಸ್ಟ್, ನ್ಯೂಯಾರ್ಕ್ ಹಾಗೂ ಜಾರ್ಜಿಯಾ ಟೆಕ್‌ನ ತಜ್ಞರು ಹಳೆಯ ರೆಕ್ಕೆಯ ಆಕಾರವನ್ನು ಅಳೆದು, ತುಂಡುಗಳನ್ನು ಭಾರಕ್ಕೆ ಒಡ್ಡಿ, ಎಷ್ಟು ಬಲ ಉಳಿದಿದೆ ಎಂದು ಲೆಕ್ಕ ಹಾಕಿದರು. ಅದರ ಫಲವಾಗಿ 2022ರಲ್ಲಿ ಕಾರ್ಕ್ ಪ್ರಾಂತ್ಯದಲ್ಲಿ, ಹಳೆಯ ರೈಲುಮಾರ್ಗದ ಜಾಡಿನಲ್ಲಿ ಮಾಡಿದ ನಡಿಗೆದಾರಿಯ ಮೇಲೆ ರೆಕ್ಕೆಗಳನ್ನೇ ತೊಲೆಯಾಗಿಟ್ಟ ಕಾಲುಸೇತುವೆ ನಿಂತಿತು. ಅದಕ್ಕೂ ಮೊದಲೇ 2021ರಲ್ಲಿ ಪೋಲೆಂಡಿನ ಶ್ಪ್ರೊತಾವಾ ಎಂಬ ಊರಿನಲ್ಲಿ ಇಂಥದೇ ಒಂದು ಸೇತುವೆ ಬಂದಿತ್ತು. ಪ್ರತಿ ಮಳೆಗಾಲವೂ ಹಳ್ಳ ದಾಟಲು ಅಡಿಕೆ ಮರದ ಸಂಕವನ್ನು ಹೊಸದಾಗಿ ಹಾಕಿಕೊಳ್ಳುವ ನಮ್ಮ ಹಳ್ಳಿಗಳ ಕಡೆಯಿಂದ ನೋಡಿದರೆ, ಈ ಸುದ್ದಿ ದೂರದ್ದು ಎನಿಸುವುದಿಲ್ಲ. ಚಿತ್ರದುರ್ಗದಲ್ಲಿ ಕಳಚುವ ರೆಕ್ಕೆ ಹೊಸನಗರದ ಹಳ್ಳವೊಂದಕ್ಕೆ ಸಂಕವಾಗಬಾರದೇಕೆ ಎಂದು ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಎಲ್ಲ ತುಂಡಿಗೂ ಸೇತುವೆ ಸಿಗುವುದಿಲ್ಲ ಎಂಬುದೂ ನಿಜ. ಪುಡಿ ಮಾಡಿ ಬೇರೆ ಪ್ಲಾಸ್ಟಿಕ್ಕಿಗೆ ಬೆರೆಸುವುದು ಸುಲಭ, ಆದರೆ ಪುಡಿಯಲ್ಲಿ ನಾರಿನ ಉದ್ದವೂ ಬಲವೂ ಹೋಗಿರುತ್ತದೆ. ಗಾಜಿನೆಳೆಯ ಚೂರನ್ನು ಸಿಮೆಂಟ್ ಗೂಡಿಗೆ ಹಾಕುವ ಪದ್ಧತಿ ಜರ್ಮನಿಯಲ್ಲಿ ವರ್ಷಗಳಿಂದ ನಡೆದಿದೆ: ರಾಳ ಉರಿದು ಶಾಖ ಕೊಡುತ್ತದೆ, ಗಾಜಿನಲ್ಲಿರುವ ಸಿಲಿಕಾ, ಸುಣ್ಣ, ಅಲ್ಯೂಮಿನಾ ಸಿಮೆಂಟಿನ ಭಾಗವೇ ಆಗುತ್ತವೆ. ಬೂದಿ ಉಳಿಯುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ದಬ್ಬೆಯ ಲೆಕ್ಕದಲ್ಲಿ ಹೇಳುವುದಾದರೆ ಇದು ಬಚ್ಚಲೊಲೆಯ ಹಂತ, ಅಲ್ಲಿಗೆ ಮೊದಲು ಹೋಗಬಾರದು.

ಕಾರ್ಬನ್ ಎಳೆಯನ್ನಂತೂ ಹಾಗೆ ಉರಿಸುವುದು ದೊಡ್ಡ ನಷ್ಟ. ಅದನ್ನು ತಯಾರಿಸುವಾಗ ಪಾಲಿಅಕ್ರಿಲೋನೈಟ್ರೈಲ್ ಎಂಬ ನೂಲನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಹದಗೊಳಿಸಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಬೇಕಾಗುತ್ತದೆ. ಅದಕ್ಕೆ ತಗಲುವ ಶಕ್ತಿ ಅಪಾರ. ಆ ಎಳೆಯನ್ನು ರಾಳದಿಂದ ಬಿಡಿಸಿ ಹೊರತೆಗೆಯಲು ಅದರ ಸಣ್ಣದೊಂದು ಪಾಲು ಶಕ್ತಿ ಸಾಕು. ಹೀಗೆ ಬಿಡಿಸುವ ಮುಖ್ಯ ವಿಧಾನವೇ ಪೈರಾಲಿಸಿಸ್, ಅಂದರೆ ಗಾಳಿ ತಾಗದಂತೆ ಕಾಯಿಸುವುದು. ಶಿವಮೊಗ್ಗ ಜಿಲ್ಲೆಗೆ ಈ ವಿದ್ಯೆ ಶತಮಾನದಷ್ಟು ಹಳೆಯದು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಆವಿಯನ್ನು ತಂಪಾಗಿಸಿ ಡಾಂಬರನ್ನೂ ಮರದ ಆಲ್ಕೋಹಾಲನ್ನೂ ಪಡೆಯುತ್ತಿದ್ದರು. ಅಲ್ಲಿ ಗಟ್ಟಿಯಾಗಿ ಉಳಿಯುತ್ತಿದ್ದದ್ದು ಇದ್ದಿಲು. ಇಲ್ಲಿ 450ರಿಂದ 700 ಡಿಗ್ರಿಯ ನಡುವೆ ರಾಳ ಮುರಿದು ಎಣ್ಣೆಯೂ ಅನಿಲವೂ ಆಗಿ ಹೋದಾಗ ಉಳಿಯುವುದು ಕಾರ್ಬನ್ ಎಳೆ, ಬಹುಪಾಲು ಮೊದಲಿನ ಬಲದೊಂದಿಗೆ.

ಗಾಜಿನ ಎಳೆಗೆ ಈ ಶಾಖ ಒಗ್ಗುವುದಿಲ್ಲ. ಅಷ್ಟು ಕಾದ ಗಾಜಿನೆಳೆ ತನ್ನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಮೇಲ್ಮೈಯ ರಕ್ಷಣಾ ಲೇಪವೂ ಸುಟ್ಟುಹೋಗುತ್ತದೆ. ಸ್ಕಾಟ್ಲೆಂಡಿನ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದ ಸಂಶೋಧಕರು ಹಾಗೆ ಸೊರಗಿದ ಎಳೆಯನ್ನು ಬಿಸಿ ಕ್ಷಾರದಲ್ಲಿ ಅದ್ದಿ ಮೇಲ್ಮೈಯ ಸೂಕ್ಷ್ಮ ಬಿರುಕುಗಳನ್ನು ಸವೆಸಿ, ಹೊಸ ಲೇಪ ಕೊಟ್ಟು, ಕಳೆದ ಬಲದ ಒಂದು ಭಾಗವನ್ನು ಮರಳಿ ತರಬಹುದೆಂದು ತೋರಿಸಿದ್ದಾರೆ. ಹೊಸ ಗಾಜಿನೆಳೆ ಅಗ್ಗವಾಗಿ ಸಿಗುತ್ತಿರುವುದರಿಂದ ಈ ಕೆಲಸಕ್ಕೆ ಮಾರುಕಟ್ಟೆಯ ಬೆಂಬಲ ಇನ್ನೂ ಸಾಲದು.

ಶಾಖದ ಬದಲು ರಸಾಯನಶಾಸ್ತ್ರದಿಂದ ಬಲೆಯ ಗಂಟುಗಳನ್ನು ಬಿಚ್ಚುವ ಪ್ರಯತ್ನ ಇನ್ನಷ್ಟು ಸೂಕ್ಷ್ಮವಾದದ್ದು. ನೀರನ್ನು 374 ಡಿಗ್ರಿ ದಾಟಿಸಿ, ವಾತಾವರಣದ ಸುಮಾರು 220 ಪಟ್ಟು ಒತ್ತಡದಲ್ಲಿಟ್ಟರೆ ಅದು ಆವಿಯೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬಂದು ರಾಳವನ್ನು ಒಡೆಯಬಲ್ಲದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ತಂಡವು 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಂಥ ಒತ್ತಡವೂ ಬೇಕಾಗಲಿಲ್ಲ. ರುಥೇನಿಯಂ ಎಂಬ ಲೋಹದ ವೇಗವರ್ಧಕವು 160 ಡಿಗ್ರಿಯಲ್ಲಿ ಎಪಾಕ್ಸಿಯ ಆಯ್ದ ಬಂಧಗಳನ್ನಷ್ಟೇ ಕತ್ತರಿಸಿತು. ಗಾಳಿಯಂತ್ರದ ರೆಕ್ಕೆಯ ತುಂಡಿನಿಂದ ಎಳೆಯೂ ಕೆಡದೆ ಬಂತು, ರಾಳದ ಮೂಲ ಘಟಕಗಳಲ್ಲೊಂದಾದ ಬಿಸ್‌ಫೆನಾಲ್-ಎ ಕೂಡ ಮರಳಿ ಸಿಕ್ಕಿತು. ಕಡುಬು ಹಿಟ್ಟಾಗಿ ಮರಳಿದ್ದನ್ನು ಓದಿದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ರುಥೇನಿಯಂ ದುಬಾರಿ, ಕ್ರಿಯೆಗೆ ದಿನಗಟ್ಟಲೆ ಹಿಡಿಯುತ್ತದೆ ಎಂಬ ಮಿತಿಗಳಿದ್ದರೂ ಅಸಾಧ್ಯವೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಬೆಸೆಯುವಾಗಲೇ ಬಿಡಿಸುವ ದಾರಿಯನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಪ್ಯಾರಿಸ್ಸಿನಲ್ಲಿ ಲುದ್ವಿಕ್ ಲೈಬ್ಲರ್ ಅವರ ತಂಡ 2011ರಲ್ಲಿ ವಿಟ್ರಿಮರ್ ಎಂಬ ಹೊಸ ಜಾತಿಯ ಪಾಲಿಮರನ್ನು ಪರಿಚಯಿಸಿತು. ಅದರ ಬಲೆಯ ಗಂಟುಗಳು ಕಾಯಿಸಿದಾಗ ಜಾಗ ಬದಲಾಯಿಸಿಕೊಳ್ಳುವುದರಿಂದ ಬಲೆ ಕಡಿಯದೆಯೇ ವಸ್ತುವಿಗೆ ಹೊಸ ಆಕಾರ ಕೊಡಬಹುದು. ಫ್ರಾನ್ಸಿನ ಜೀಬ್ರಾ ಯೋಜನೆಯಲ್ಲಿ ರಾಳ ತಯಾರಕರು, ಗಾಜಿನೆಳೆ ತಯಾರಕರು, ರೆಕ್ಕೆ ಕಟ್ಟುವವರು, ಕಸ ವಿಲೇವಾರಿಯವರು ಒಂದೇ ಮೇಜಿನ ಸುತ್ತ ಕುಳಿತು, ಬೆಲ್ಲದ ಜಾತಿಯ ರಾಳದಿಂದ 62 ಮೀಟರ್ ಉದ್ದದ ರೆಕ್ಕೆಯನ್ನು 2022ರಲ್ಲಿ ಮಾಡಿ ತೋರಿಸಿದರು.

ಹೀಗೆ ಒಟ್ಟಿಗೆ ಕುಳಿತದ್ದು ಸೌಜನ್ಯಕ್ಕಾಗಿ ಅಲ್ಲ. ಒಳಗೆ ಏನಿದೆ ಎಂಬುದು ತಯಾರಿಸಿದವನಿಗೆ ಗೊತ್ತು, ಬಿಡಿಸುವುದು ಹೇಗೆಂಬುದು ರಸಾಯನಶಾಸ್ತ್ರಜ್ಞನಿಗೆ ಗೊತ್ತು, ಸಾಗಿಸುವ ಖರ್ಚು ಗುಜರಿಯವನಿಗೆ ಗೊತ್ತು; ಮೂವರ ಅರಿವೂ ಒಂದೆಡೆ ಸೇರದೆ ಒಂದು ತುಂಡೂ ಮುಂದೆ ಸಾಗುವುದಿಲ್ಲ. 2021ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಡೀಕಾಮ್‌ಬ್ಲೇಡ್ಸ್ ಒಕ್ಕೂಟದಲ್ಲಿ, ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿಯಲ್ಲಿರುವ ರೆಕ್ಕೆ ತಯಾರಕರೇ ಜೊತೆಗೂಡಿ, ಪ್ರತಿ ರೆಕ್ಕೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ತಿಳಿಸುವ ಸಮಾನ ದಾಖಲೆಯೊಂದನ್ನು ರೂಪಿಸಿದರು. ನನ್ನ ಮಟ್ಟಿಗೆ ಇಷ್ಟೂ ಸಂಶೋಧನೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಕೆಲಸ ಅದು. ನಮ್ಮಲ್ಲಿ ಅಡಿಕೆ ಮೂಟೆಗಳು ಹಳ್ಳಿಯಿಂದ ಪೇಟೆಗೆ ತಲಪಲು ಸಹಕಾರ ಸಂಘಗಳ ಜಾಲ ಮೊದಲೇ ಇದೆ. ಮುರಿದ ದೋಟಿಗಳು ಅದೇ ದಾರಿಯಲ್ಲಿ ಒಂದೆಡೆ ಸೇರುವಂತಾದರೆ, ಅವುಗಳಿಂದ ಎಳೆ ತೆಗೆಯುವವರಿಗೆ ಲಾರಿ ಕಳಿಸಲು ಒಂದು ಕಾರಣ ಸಿಗುತ್ತದೆ. ಅಲ್ಲಿಯ ತನಕ ಮುರಿದದ್ದನ್ನು ಯಾರೂ ಅಂಗಳದಲ್ಲಿ ಸುಡಬಾರದು. ರಾಳದ ಹೊಗೆ ಕೆಟ್ಟದ್ದು, ಹಾರುವ ಎಳೆಗಳು ಉಸಿರಿಗೆ ಕೆಟ್ಟದ್ದು. ಕಾರ್ಬನ್ ವಿದ್ಯುತ್ತನ್ನು ಹರಿಸುವುದರಿಂದ ಆ ಎಳೆಗಳು ಪಂಪ್‌ಸೆಟ್ಟಿನ ಸ್ವಿಚ್‌ಬೋರ್ಡಿನ ಒಳಹೊಕ್ಕರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ತೋಟದ ಮೇಲೆ ಹಾದುಹೋಗುವ ತಂತಿಗೆ ದೋಟಿ ತಾಗಬಾರದು ಎನ್ನುವುದಕ್ಕೂ ಕಾರಣ ಇದೇ.

ಕಳೆದ ವಾರ ಅಟ್ಟದಿಂದ ದೋಟಿಯನ್ನು ಇಳಿಸಿದೆ. ಗಟ್ಟಿಯಾಗಿದ್ದ ಎರಡು ಕೊಳವೆಗಳನ್ನು ಬೇರ್ಪಡಿಸಿ, ತುದಿಗೆ ಕತ್ತಿ ಕಟ್ಟಿ, ತಂತಿಗಳಿಂದ ದೂರವಿರುವ ಹಲಸಿನ ಮರದ ಕಾಯಿ ಇಳಿಸಲು ಇಟ್ಟುಕೊಂಡೆ. ಸೀಳಿದ ತುಂಡಿಗೆ ಒದ್ದೆ ಗೋಣಿಚೀಲ ಸುತ್ತಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲದ ಬಾಯಿ ಹೊಲಿದೆ. ಮೇಲೊಂದು ಚೀಟಿ ಕಟ್ಟಿ, ಕೊಂಡ ವರ್ಷ, ಉದ್ದ, ಎಳೆಯ ಜಾತಿ ಇವನ್ನೆಲ್ಲ ಬರೆದೆ. ರಾಳ ಯಾವುದೆಂದು ತಿಳಿಯಲು ಮಾರಿದವರಿಗೆ ಫೋನ್ ಮಾಡಿದೆ. ಅವರು ತಯಾರಿಸಿದವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಚೀಟಿಯಲ್ಲಿ ಆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ.