ಹಂದಿಗೆ ಇಟ್ಟಿದ್ದು ಹಸುವಿನ ಬಾಯಿಗೆ

ನಾನು ಮಲೆನಾಡಿನ ಪಶುವೈದ್ಯ. ಊರಲ್ಲಿ ಯಾರೋ ಕಾಡುಹಂದಿ ಬೇಟೆಗೆ ಕೈ ಹಾಕಿದ್ದಾರೆ ಅಂತ ನನಗೆ ಗೊತ್ತಾಗುವುದು ದವಡೆ ಒಡೆದ ಹಸು ಬಂದಾಗ, ಇಲ್ಲವೇ ಕರುಳು ಹೊರಬಂದ ನಾಯಿಯನ್ನು ಗೋಣಿಯಲ್ಲಿ ಹೊತ್ತು ತಂದಾಗ.

ಒಂದು ಹಸುವನ್ನು ಮರೆಯೋಕೆ ಆಗಿಲ್ಲ. ಏಳು ತಿಂಗಳ ಗಬ್ಬ. ತೋಟದಂಚಿನಲ್ಲಿ ಮೇಯುತ್ತಾ ಹಿಟ್ಟಿನ ಉಂಡೆ ಅಂತ ಬಾಯಿ ಹಾಕಿದ್ದು, ಹಂದಿ ಕಚ್ಚಿದಾಗ ಸಿಡಿಯಲಿ ಅಂತ ಇಟ್ಟ ಸಿಡಿಮದ್ದಿಗೆ. ಕೆಳದವಡೆ ಪೂರ್ತಿ ಹೋಗಿತ್ತು, ಹೊಲಿಯಲು ಏನೂ ಉಳಿದಿರಲಿಲ್ಲ. ಮನೆಯಾಕೆ ಕಲಗಚ್ಚಿನ ಬಕೆಟ್ ಹಿಡಿದು ನಿಂತಿದ್ದರು. ಹಸುವಿಗೆ ಹಸಿವಿತ್ತು, ಅದು ಬಕೆಟ್ ಕಡೆಗೇ ಬರುತ್ತಿತ್ತು. 2020ರ ಮೇನಲ್ಲಿ ಕೇರಳದ ಪಾಲಕ್ಕಾಡಿನ ಹತ್ತಿರ ಗಬ್ಬದ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತಿದ್ದು ನಿಮಗೂ ನೆನಪಿರಬಹುದು. ಅದರ ಬಾಯಲ್ಲಿ ಸಿಡಿದದ್ದೂ ಹಂದಿಗೆ ಅಂತ ಇಟ್ಟ ಮದ್ದೇ.

ರೈತರ ಸಂಕಟ ನನಗೆ ಗೊತ್ತು. ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ಹಿಂಡು ಒಂದು ರಾತ್ರಿ ಗದ್ದೆಗೆ ಇಳಿದರೆ ಬೆಳಿಗ್ಗೆ ನೋಡೋಕಾಗಲ್ಲ. ತಿನ್ನುವುದು ಸ್ವಲ್ಪ, ತುಳಿದು ಮಲಗಿಸುವುದೇ ಜಾಸ್ತಿ. ಗೊಬ್ಬರ ಹಾಕಿದ ಅಡಿಕೆ ತೋಟದಲ್ಲಿ ಎರೆಹುಳಕ್ಕಾಗಿ ನೆಲ ಉತ್ತು ಹಾಕುತ್ತವೆ, ಎಳೆ ಸಸಿ ಬೇರು ಸಮೇತ ಬೀಳುತ್ತದೆ. ಸಿಟ್ಟು ಬರದೆ ಇರುತ್ತದಾ? ಆದರೆ ಸಿಡಿಮದ್ದು, ಉರುಳು, ಬೇಲಿಗೆ ನೇರ ಕರೆಂಟು, ಈ ಮೂರಕ್ಕೂ ಕಣ್ಣಿಲ್ಲ. ಬಂದದ್ದು ಹಂದಿಯೋ, ಚಿರತೆಯೋ, ಬೆಳಗಿನ ಜಾವ ನೀರು ತಿರುಗಿಸಲು ಬಂದ ಪಕ್ಕದ ಮನೆ ಹುಡುಗನೋ, ಅವಕ್ಕೆ ಗೊತ್ತಾಗಲ್ಲ. ಲೈನಿನಿಂದ ಕರೆಂಟು ಎಳೆದು ತಂತಿಗೆ ಕೊಟ್ಟು, ಬೆಳಿಗ್ಗೆ ತೆಗೆಯಲು ಮರೆತು, ಮನೆಯವರೇ ಸತ್ತದ್ದಿದೆ.

ಇನ್ನು ಕೋವಿ. "ಡಾಕ್ಟ್ರೇ, ನನ್ನತ್ರ ಬೆಳೆ ರಕ್ಷಣೆ ಲೈಸೆನ್ಸ್ ಇದೆಯಲ್ಲ" ಅಂತ ಬಹಳ ಜನ ಹೇಳುತ್ತಾರೆ. ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಮಾತ್ರ, ಹಂದಿ ಹೊಡೆಯಲು ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ಇಲ್ಲದಿದ್ದರೆ 3 ವರ್ಷದವರೆಗೆ ಜೈಲು ಆಗಬಹುದು. ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರಿಗೂ ಆ ಅಧಿಕಾರ ಸಿಕ್ಕಿದೆ, ಆದರೆ ಅಲ್ಲಿಯೂ ಮದ್ದು, ವಿಷ, ಕರೆಂಟು ಬಳಸುವಂತಿಲ್ಲ. ನನಗೆ ಅದು ಸರಿಯಾದ ದಾರಿ ಅನಿಸುತ್ತದೆ. ಹೊಡೆಯಲೇಬೇಕಾದರೆ ಅನುಮತಿ ಇರುವ ಒಬ್ಬ ಮನುಷ್ಯ, ಕಣ್ಣಲ್ಲಿ ನೋಡಿ, ಹಂದಿಯೇ ಅಂತ ಗೊತ್ತಾದ ಮೇಲೆ ಹೊಡೆಯಲಿ.

ಹಂದಿ ಅಂದುಕೊಂಡು ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಕಡೆ ಹೊಸದಲ್ಲ. ಸದ್ದಿಗೆ, ಪೊದೆ ಅಲ್ಲಾಡಿದ್ದಕ್ಕೆ ಕೋವಿಯ ಕುದುರೆ (ಟ್ರಿಗರ್) ಎಳೆಯುವುದರಿಂದಲೇ ಹೀಗಾಗುವುದು. ಮರಸು ಕೂರುವವರು, ಅಂದರೆ ಅಡಗಿ ಕೂತು ಹಂದಿಗೆ ಕಾಯುವವರು, ನೆಲದಲ್ಲಿ ಕೂರಬೇಡಿ, ಗಟ್ಟಿಯಾದ ಅಟ್ಟಣೆ ಮೇಲೆ ಕೂರಿ. ಗುಂಡು ಕೆಳಮುಖವಾಗಿ ಹೋದರೆ ತಪ್ಪಿದರೂ ಮಣ್ಣಿಗೆ ಬೀಳುತ್ತದೆ, ಆಚೆಯ ಮನೆಗೆ ಹೋಗಲ್ಲ. ಕೇಪಿನ ಕೋವಿಯಾದರೆ (ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಹಾಕಿ ಹೊಡೆಯುವಂಥದ್ದು) ಕೂತ ಮೇಲೆಯೇ ಕೇಪು ಹಾಕಿ, ಇಳಿಯುವ ಮೊದಲು ತೆಗೆಯಿರಿ. ಆ ರಾತ್ರಿ ಗದ್ದೆ ಕಡೆ ಬರಬೇಡಿ ಅಂತ ಅಕ್ಕಪಕ್ಕದವರಿಗೆಲ್ಲ ಮೊದಲೇ ಹೇಳಿರಬೇಕು. ಕುಡಿದವರು ಮನೆಯಲ್ಲೇ ಇರಲಿ.

ಗಾಯಗೊಂಡ ಹಂದಿಯ ಹಿಂದೆ ಕತ್ತಲಲ್ಲಿ ಹೋಗಲೇಬೇಡಿ, ಅದರಲ್ಲೂ ಅದು ಒಂಟಿ ಸಲಗ, ಅಂದರೆ ಒಂಟಿ ಗಂಡುಹಂದಿಯಾದರೆ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ನೀವು ಅದನ್ನು ನೋಡುವ ಮೊದಲೇ ಅದಕ್ಕೆ ನಿಮ್ಮ ವಾಸನೆ ಸಿಕ್ಕಿರುತ್ತದೆ. ಅದು ತಲೆ ತಗ್ಗಿಸಿ ನುಗ್ಗಿ ಕೋರೆಯನ್ನು ಮೇಲಕ್ಕೆ ಎತ್ತುತ್ತದೆ, ಅದು ತಾಗುವುದು ಸರಿಯಾಗಿ ತೊಡೆಗೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಗಾಯಗೊಂಡವರನ್ನು ಮಲಗಿಸಿ, ಬಟ್ಟೆ ಮಡಚಿ ಗಾಯದ ಮೇಲೆ ಜೋರಾಗಿ ಒತ್ತಿ ಹಿಡಿಯಿರಿ, ರಕ್ತ ನಿಂತಿತಾ ಅಂತ ಪದೇ ಪದೇ ತೆಗೆದು ನೋಡಬೇಡಿ, ಆಸ್ಪತ್ರೆ ಮುಟ್ಟುವವರೆಗೂ ಕೈ ಬಿಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ.

ನಾಯಿಗಳನ್ನು ಛೂ ಬಿಡುವುದನ್ನಂತೂ ದಯವಿಟ್ಟು ನಿಲ್ಲಿಸಿ. ನಿಮ್ಮ ಮೇಲಿನ ನಂಬಿಕೆಯಿಂದ ಅವು ಹಿಂದೆ ಸರಿಯಲ್ಲ. ಹಾಗೊಂದು ವೇಳೆ ನಾಯಿಯ ಕರುಳು ಹೊರಬಂದರೆ ಒಳಗೆ ತುರುಕಬೇಡಿ. ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಶುದ್ಧ ಬಟ್ಟೆ ಸುತ್ತಿ, ಬಾಯಿಗೆ ನೀರೂ ಹಾಕದೆ ತನ್ನಿ. ಎರಡು ಗಂಟೆಯೊಳಗೆ ಬಂದ ಎಷ್ಟೋ ನಾಯಿಗಳು ಬದುಕಿವೆ.

ವರ್ಷಪೂರ್ತಿ ಕಾಯುವುದು ಬೇಲಿ ಮಾತ್ರ. ಸೋಲಾರ್ ಬೇಲಿಯ ಯಂತ್ರ ಕರೆಂಟನ್ನು ಕ್ಷಣಕ್ಕೊಮ್ಮೆ ಮಿಡಿತದ ಹಾಗೆ ಬಿಡುತ್ತದೆ. ಅದಕ್ಕೇ ಹೊಡೆತ ಜೋರಾಗಿ ಬಿದ್ದರೂ ಜೀವ ತೆಗೆಯಲ್ಲ. ಬಹಳ ಜನ ತಪ್ಪುವುದು ಎತ್ತರದಲ್ಲಿ. ಆನೆಗೆ ಹಾಕುವ ಎತ್ತರದಲ್ಲಿ ತಂತಿ ಎಳೆದರೆ ಹಂದಿ ಆರಾಮಾಗಿ ಕೆಳಗೆ ನುಸುಳುತ್ತದೆ. ಕೆಳಗಿನ ತಂತಿ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ, ಅದರ ಮೇಲೆ ಮತ್ತೊಂದು ಗೇಣಿಗೆ ಇನ್ನೊಂದು. ಮೂಗಿನ ತುದಿಗೆ ತಾಗಬೇಕು, ಅಲ್ಲಿ ಕೂದಲಿಲ್ಲ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೇ ಇಳಿದು ಬೇಲಿ ಸತ್ತಂತೆಯೇ, ಹಾಗಾಗಿ ಎರಡು ವಾರಕ್ಕೊಮ್ಮೆ ಕತ್ತಿ ಹಿಡಿದು ಒಂದು ಸುತ್ತು ಹೋಗಿ ಸವರಿ. ಹೋಗುವ ಮೊದಲು ಸ್ವಿಚ್ ಆಫ್ ಮಾಡಿ.